ಫ್ರೆಂಚ್ ಬಾಗಿಲಿಗೆ ನಾನು ಹೊಡೆಸಿದ ರೀಪರ್

ನಮ್ಮಣ್ಣ ನಿಮ್ಮ ಮನೆ ಬಾಗಿಲು ತಟ್ಟಿದರೆ ದಯವಿಟ್ಟು ಎದ್ದು ಹೋಗಿ ತೆಗೆಯಬೇಡಿ. ಅವನು ಒಳಗೆ ಬರಲು ತಟ್ಟುತ್ತಿರುವುದಿಲ್ಲ. ನಿಮ್ಮ ಬಾಗಿಲಿಗೆ ಆತ್ಮ ಇದೆಯೋ ಇಲ್ಲವೋ ನೋಡುತ್ತಿರುತ್ತಾನೆ.

ತಮಾಷೆಗೆ ಹೇಳುತ್ತಿಲ್ಲ. ಬಾಗಿಲಿನ ಎರಡು ಹಾಳೆಗಳ ನಡುವೆ ತುಂಬುವ ತಿರುಳಿಗೆ ಫ್ರೆಂಚ್ ಬಡಗಿಗಳು ಆತ್ಮ ಅನ್ನುತ್ತಾರಂತೆ. ಒಳಗೆ ಗಟ್ಟಿ ಮರ ಇದ್ದರೆ ಅದು ಪೂರ್ಣಾತ್ಮದ ಬಾಗಿಲು. ಜೇನುಗೂಡಿನಂಥ ರಟ್ಟು ತುಂಬಿದ್ದರೆ ಅದು ಜೇನುಗೂಡಾತ್ಮದ ಬಾಗಿಲು. ಇದನ್ನು ಓದಿದ ದಿನದಿಂದ ಅಣ್ಣನಿಗೆ ದಾರಿಯಲ್ಲಿ ಸಿಕ್ಕ ಬಾಗಿಲನ್ನೆಲ್ಲ ಬೆರಳ ಗಂಟಿನಿಂದ ತಟ್ಟಿ, ಕಿವಿ ಕೊಟ್ಟು ಕೇಳುವ ಚಟ ಹತ್ತಿತು. ಬ್ಯಾಂಕಿನ ಬಾಗಿಲು, ಡಾಕ್ಟರ ಬಾಗಿಲು, ಬೀಗರ ಮನೆಯ ಬಾಗಿಲು, ಯಾವುದನ್ನೂ ಬಿಟ್ಟವನಲ್ಲ.

ಪಟ್ಟಂದೂರು ಅಗ್ರಹಾರದಲ್ಲಿ ನಾನೂ ನನ್ನ ಗಂಡನೂ ನಡೆಸುವ ಪ್ಲೈವುಡ್ ಅಂಗಡಿ ಇರುವ ಕಟ್ಟಡದ ಓನರ್ ಗೌಡರು ಪಕ್ಕದಲ್ಲೇ ಒಂದು ಪಿಜಿ ಕಟ್ಟಿಸಿದರು. ಗೃಹಪ್ರವೇಶಕ್ಕೆ ನಮ್ಮನ್ನೂ ಕರೆದಿದ್ದರು. ಕೆಳಗೆ ಹೋಮ ನಡೆಯುತ್ತಿದ್ದರೆ ಅಣ್ಣ ಮೇಲಿನ ಮಹಡಿಯ ಕಾರಿಡಾರಿನಲ್ಲಿ ಸಾಲಾಗಿದ್ದ ರೂಮುಗಳ ಬಾಗಿಲು ತಟ್ಟುತ್ತ ಬರುತ್ತಿದ್ದ. ಗೌಡರು ಕಂಡು, "ಯಾಕ್ ಸಾರ್, ಯಾರನ್ನ ಉಡುಕ್ತಿದೀರಾ?" ಅಂದರು.

"ಗೌಡ್ರೆ, ಹೇಳೋಕೆ ಬೇಜಾರು. ನಿಮ್ಮ ಬಾಗಿಲುಗಳಿಗೆ ಆತ್ಮ ಇಲ್ಲ."

ಕೆಳಗೆ ಪುರೋಹಿತರು ಮಂತ್ರ ನಿಲ್ಲಿಸಿ ಮೇಲೆ ನೋಡಿದರು. ಗೌಡರು ಒಂದು ಕ್ಷಣ ಯೋಚಿಸಿ, "ಬಾಡಿಗೇಗ್ ಬರೋವ್ರು ಅವರವರ ಆತ್ಮ ಅವರೇ ತತ್ತಾರೆ ಬಿಡಿ ಸಾರ್. ಮಂಚ, ಫ್ಯಾನು ಮಾತ್ರ ನಮ್ದು" ಅಂದರು. ನಾನು ಪ್ರಸಾದದ ತಟ್ಟೆಯಲ್ಲಿ ಮುಖ ಇಟ್ಟುಕೊಂಡಿದ್ದೆ. ಆ ಆತ್ಮವಿಲ್ಲದ ಬಾಗಿಲುಗಳನ್ನೆಲ್ಲ ಸಪ್ಲೈ ಮಾಡಿದ್ದು ನಮ್ಮ ಅಂಗಡಿಯೇ.

ಅಣ್ಣ ಫ್ರೆಂಚ್ ಕಲಿತದ್ದೂ ಒಂದು ಕಥೆ. ನಾವು ಜಾಲಹಳ್ಳಿಯವರು. ನನಗೂ ಶಾಲೆಗೂ ಎಂಟನೇ ಕ್ಲಾಸಿಗೇ ಮನಸ್ತಾಪ ಬಂದು ಮಾತು ನಿಂತಿತು. ಅಣ್ಣ ಓದಿದ, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕ್ಲಾರ್ಕ್ ಆದ. ಜರ್ಮನ್ ಕಲಿತರೆ ಪ್ರಮೋಷನ್ ಅಂತ ಯಾರೋ ಹೇಳಿದರೆಂದು ಸಂಜೆ ಕ್ಲಾಸಿಗೆ ಹೆಸರು ಬರೆಸಲು ಹೋದ. "ಜರ್ಮನ್ ಫುಲ್ ಆಗಿದೆ ಸಾರ್, ಫ್ರೆಂಚ್‌ನಲ್ಲಿ ಜಾಗ ಇದೆ, ಕಿಟಕಿ ಪಕ್ಕದ್ದೇ" ಅಂದರಂತೆ. ಬಸ್ಸಿನಲ್ಲಿ ಕಿಟಕಿ ಸಿಕ್ಕವನ ಹಾಗೆ ಖುಷಿಯಿಂದ ಹೋಗಿ ಕೂತ. ಎಲ್ಲಿಗೆ ಹೋಗುವ ಬಸ್ಸು ಎಂದು ಕೇಳಲಿಲ್ಲ. ಕೊನೆಗೆ ಆ ಬಸ್ಸು ಅವನನ್ನು ಇಳಿಸಿದ್ದು ನಮ್ಮ ಅಂಗಡಿಯ ಬೆನ್ನಿಗೇ ಇರುವ ಟೆಕ್ ಪಾರ್ಕಿನಲ್ಲಿ. ಅಲ್ಲಿ ಒಂದು ಕಂಪನಿ. ಫ್ರಾನ್ಸಿನಲ್ಲಿ ಬಾಗಿಲು, ಕಿಟಕಿ, ಗೋಡೆ ಹಲಗೆ ತಯಾರಿಸುವವರು 'ಇದನ್ನು ಹೀಗೆ ಕೂರಿಸಿ' ಎಂದು ಪುಸ್ತಕ ಬರೆಯುತ್ತಾರಲ್ಲ, ಅದನ್ನು ಇಂಗ್ಲಿಷಿಗೆ ಮಾಡಿಕೊಡುವುದು ಅಣ್ಣನ ಕೆಲಸ.

ಕೆಲಸ ಅಂದೆ. ಈಚೆಗೆ ಅದು ಕೆಲಸವೋ ಕಾವಲೋ ಹೇಳುವುದು ಕಷ್ಟ. ಮೊದಲು ಕಂಪ್ಯೂಟರಿನೊಳಗಿನ ಮೆಷಿನ್ ಇಡೀ ಪುಸ್ತಕವನ್ನು ಕಣ್ಣು ಮಿಟುಕಿಸುವುದರಲ್ಲಿ ಇಂಗ್ಲಿಷ್ ಮಾಡಿ ಬಿಸಾಡುತ್ತದೆ. ಅಣ್ಣ ಅದರ ತಪ್ಪು ಹೆಕ್ಕಬೇಕು. ಅವನ ಜೊತೆಯವರೆಲ್ಲ ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಮೆಷಿನ್ನಿಗೆ ಬರದ ಬಡಗಿ ಮಾತುಗಳು ಇವನಿಗೆ ಬರುತ್ತವೆ ಎಂಬ ಒಂದೇ ಕಾರಣಕ್ಕೆ ಇವನನ್ನು ಇಟ್ಟುಕೊಂಡಿದ್ದರು. ಇನ್ನೂ ಇಟ್ಟುಕೊಳ್ಳಬೇಕೇ ಎಂದು ನೋಡಲು ಫ್ರಾನ್ಸಿನಿಂದ ಒಬ್ಬರು ಬರುವವರಿದ್ದರು. ಐವತ್ತು ದಾಟಿದ ಮನುಷ್ಯ ಬೇರೆ ಎಲ್ಲಿ ಹೋಗಿ ಬಾಗಿಲು ತಟ್ಟಬೇಕು? ತಟ್ಟಿದರೂ ಆತ್ಮ ನೋಡಿಕೊಂಡು ನಿಲ್ಲುತ್ತಾನೆ.

ಅವನು ಹೇಳುವುದನ್ನು ಕೇಳಿದರೆ ಫ್ರೆಂಚರ ಬಡಗಿ ಕೆಲಸ ಅರ್ಧ ಮೃಗಾಲಯ. ಚಾವಣಿಯಿಂದ ಹೊರಗೆ ಚಾಚಿದ ಕಿಟಕಿ ಅವರಿಗೆ 'ಕೂತ ನಾಯಿ'. ದುಂಡಗಿನ ಕಿಟಕಿ 'ಎತ್ತಿನ ಕಣ್ಣು'. ಓರೆ ಅಳೆಯುವ ಉಪಕರಣ 'ಮಿಡತೆ'. ಗೋಡೆಯಲ್ಲಿ ಅಲುಗಾಡದೆ ಕೂತ ಬಾಗಿಲ ಚೌಕಟ್ಟಿಗೆ 'ಮಲಗಿರುವವನು' ಎಂದೂ, ಆಡುವ ಬಾಗಿಲಿಗೆ 'ತೆರೆಯುವವನು' ಎಂದೂ ಹೆಸರು. ಇದನ್ನು ಅಣ್ಣ ಒಂದು ಭಾನುವಾರ ಭಕ್ತಿಯಿಂದ ವಿವರಿಸುತ್ತಿದ್ದಾಗ ಅತ್ತಿಗೆ ಅವರೆಕಾಳು ಹಿಸುಕುತ್ತ, "ನಮ್ಮನೇಲೂ ಅಷ್ಟೇ. ಮಲಗಿರೋರು ಇವರು. ಹಾಲಿನವನು ಬಂದ್ರೆ ತೆರೆಯೋಳು ನಾನು" ಅಂದರು.

ಇಷ್ಟು ಗೊತ್ತಿರುವವನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ನೋಡಬೇಕು. ಚಿಲಕ ಕೂರಿಸುವ ಪುಸ್ತಕವೊಂದನ್ನು ಮುಗಿಸಿದ ಹುರುಪಿನಲ್ಲಿ ತನ್ನ ಮನೆಯ ಬಚ್ಚಲಿಗೆ ತಾನೇ ಚಿಲಕ ಹಾಕಿದ. ಎಲ್ಲ ಸರಿಯಾಗಿತ್ತು. ಮಟ್ಟ ಸರಿ, ಅಂತರ ಸರಿ, ತಿರುಪು ಬಿಗಿ. ಹೊರಗಡೆ ಹಾಕಿದ್ದ, ಅಷ್ಟೇ.

"ಪುಸ್ತಕದಲ್ಲಿ ಒಳಮುಖಕ್ಕೆ ಅಂತ ಇತ್ತು. ಯಾರ ಒಳಮುಖ ಅಂತ ಬರೆದಿರಲಿಲ್ಲ" ಎಂದ.

ಅತ್ತಿಗೆ ಅದನ್ನು ತೆಗೆಸಲಿಲ್ಲ. "ಇರ್ಲಿ ಬಿಡಿ. ಪೇಪರ್ ಹಿಡ್ಕೊಂಡು ಒಳಗೆ ಹೋದ್ರೆ ಇನ್ಮೇಲೆ ಹೊರಗೆ ಬಿಡೋದು ನನ್ನ ಕೈಲಿದೆ" ಅಂದರು.

ಮಧ್ಯಾಹ್ನದ ಊಟಕ್ಕೆ ಅಣ್ಣ ನಮ್ಮ ಅಂಗಡಿಗೇ ಬರುತ್ತಾನೆ. ನನ್ನ ಗಂಡ ಟೆಂಪೋದಲ್ಲಿ ಮಾಲು ಹಾಕಲು ಸುತ್ತುತ್ತಿರುತ್ತಾರೆ, ಗಲ್ಲಾ ನನ್ನದು. ಪ್ಲೈವುಡ್ ಹಾಳೆಗಳ ನಡುವೆ ಸ್ಟೂಲು ಹಾಕಿಕೊಂಡು, ಮುದ್ದೆ ಮುರಿಯುತ್ತ, "ಇದಕ್ಕೆ ನಿಮ್ಮಲ್ಲಿ ಏನಂತಾರೆ?" ಎಂದು ಶುರು ಮಾಡುತ್ತಾನೆ. ಅವನಿಗೆ ಪದ ಗೊತ್ತು, ವಸ್ತು ಗೊತ್ತಿಲ್ಲ. ನನಗೆ ವಸ್ತು ಗೊತ್ತು, ಪದವೂ ಗೊತ್ತಿದೆ ಎಂದು ಅವನು ನಂಬಿದ್ದ. ಅಂಗಡಿಯವರಿಗೆ ಒಂದು ರೋಗ ಇರುತ್ತದೆ. 'ಗೊತ್ತಿಲ್ಲ' ಎಂದು ಬಾಯಿಗೆ ಬರುವುದಿಲ್ಲ. ಬಂದರೆ ಗಿರಾಕಿ ಎದುರು ಅಂಗಡಿಗೆ ಹೋಗುತ್ತಾನೆ. ಆದ್ದರಿಂದ ಅಣ್ಣ ಏನು ಕೇಳಿದರೂ ನನ್ನಲ್ಲಿ ಸ್ಟಾಕ್ ಇರುತ್ತಿತ್ತು.

ಶಾಲೆಗೆ ಹೋಗುವಾಗ ನನ್ನ ಕಾಪಿ ಪುಸ್ತಕವನ್ನು ತಪ್ಪು ತಿದ್ದಿ ತಿದ್ದಿ ಕೆಂಪು ಮಾಡುತ್ತಿದ್ದ ಅಣ್ಣ, ಈಗ ನನ್ನ ಬಾಯಿಂದ ಬಿದ್ದದ್ದನ್ನು ಬರೆದುಕೊಳ್ಳುತ್ತಾನೆ ಅಂದರೆ ನನಗೆ ಹೇಗಾಗಿರಬೇಡ? ಎದುರಿನ ಬೇಕರಿಯವರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಆದರೆ ಅವನು ಸುಲಭಕ್ಕೆ ಒಪ್ಪುವವನಲ್ಲ. ಒಮ್ಮೆ ಪ್ಲೈವುಡ್ ಮೇಲೆ ಅಂಟಿಸುವ ನುಣುಪು ಹಾಳೆಗೆ ಏನಂತಾರೆ ಎಂದು ಕೇಳಿದ. "ಮೈಕಾ" ಅಂದೆ. ಬೆಂಗಳೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಮೈಕಾ ಅನ್ನುತ್ತಾರೆ.

"ಮೈಕಾ ಗಣಿಯಲ್ಲಿ ಸಿಗೋ ಕಲ್ಲು ಕಣೆ."

"ನಮಗೆ ಪೀಣ್ಯದಿಂದ ಟೆಂಪೋದಲ್ಲಿ ಬರುತ್ತೆ" ಅಂದೆ. ಅವನು ಬರೆದುಕೊಳ್ಳಲಿಲ್ಲ. ಆ ಅವಮಾನ ನನ್ನೊಳಗೆ ಉಳಿದುಕೊಂಡಿತು.

ಅವನ ನಿಯತ್ತಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಒಂದು ದಿನ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡದ ಅಪಾರ್ಟ್‌ಮೆಂಟ್ ಹೆಂಗಸೊಬ್ಬರು ಬಂದು ಅಂಗಡಿಯ ಹಿಡಿಕೆಗಳನ್ನೆಲ್ಲ ಇಳಿಸಿ, ಮುಟ್ಟಿ, ಮೂಸಿ ನೋಡುತ್ತಿದ್ದರು. ಊಟಕ್ಕೆ ಕೂತಿದ್ದ ಅಣ್ಣ ದುಭಾಷಿ. ನಾನು ಅವನ ಕಡೆ ತಿರುಗಿ ಮೆಲ್ಲಗೆ, "ಈ ಯಮ್ಮ ಬಿಟ್ಟಿ ಕೊಟ್ರೂ ತಗೊಳಲ್ಲ, ಸುಮ್ನೆ ಧೂಳು ಹೊಡೆಯೋಕೆ ಬಂದವ್ಳೆ" ಅಂದೆ. ಅಣ್ಣ ಕೈ ತೊಳೆದುಕೊಂಡು ಬಂದು ಅದನ್ನು ಅಚ್ಚುಕಟ್ಟಾಗಿ, ಧೂಳಿನ ಸಮೇತ ಇಂಗ್ಲಿಷಿನಲ್ಲಿ ಹೇಳಿದ. ಆಕೆ ಹೊರಟುಹೋದ ಮೇಲೆ ನಾನು ಹರಿಹಾಯ್ದರೆ, "ನೀನು ಹೇಳಿದ್ದನ್ನೇ ಹೇಳ್ದೆ ಕಣೆ. ಸೇರಿಸೋಕೆ, ಬಿಡೋಕೆ ನಾನ್ಯಾರು?" ಎಂದ. ಅಂಥ ಮನುಷ್ಯ.

ಇಂಥವನಿಗೆ ಬಂತು ನೋಡಿ ಒಂದು ಪದ: ತಾಸೋ. ಮಕ್ಕಳ ಮಂಚದ ಹಿಂದಿನ ಗೋಡೆಗೆ ಅಲಂಕಾರದ ಹಲಗೆ ಕೂರಿಸುವ ಪುಸ್ತಕ. ಫ್ರಾನ್ಸಿನವರು ಬಂದಾಗ ಇದನ್ನೇ ನೋಡುವುದು ಎಂದು ಆಫೀಸಿನಲ್ಲಿ ಹೇಳಿದ್ದರು. ಅದಕ್ಕೇ ಅಣ್ಣ ಅಕ್ಷರಕ್ಷರ ಅಗಿದು ಮಾಡುತ್ತಿದ್ದ.

"ಉದ್ದನೆ ಸಣ್ಣ ಮರದ ಪಟ್ಟಿ. ಮೊದಲು ಗೋಡೆಗೆ ಅದನ್ನ ಹೊಡೆದು ಅದರ ಮೇಲೆ ಹಲಗೆ ಕೂರಿಸ್ತಾರೆ. ಮೆಷಿನ್ 'ಬ್ಯಾಟನ್' ಅಂತ ಹಾಕಿದೆ. ಯಾಕೋ ಓಟದ ಪಂದ್ಯದ ಕೋಲು ನೆನಪಾಗುತ್ತೆ. ನಿಮ್ಮಲ್ಲಿ ಏನಂತಾರೆ?"

"ರೀಪರ್" ಅಂದೆ. ಇದರಲ್ಲಿ ಸುಳ್ಳಿಲ್ಲ. ಮೇಸ್ತ್ರಿಯಿಂದ ಎಂಜಿನಿಯರ್‌ವರೆಗೆ ಎಲ್ಲರೂ ಕೇಳಿಕೊಂಡು ಬರುವುದು ರೀಪರ್ ಎಂದೇ.

"ಇಂಗ್ಲಿಷಲ್ಲಿ ರೀಪರ್ ಅಂದ್ರೆ ಪೈರು ಕೊಯ್ಯೋನು ಕಣೆ."

ಮೈಕಾದ ಸೇಡು ನೆನಪಾಯಿತು. "ಮರಾನೂ ಕೊಯ್ದೇ ತಾನೆ ಪಟ್ಟಿ ಮಾಡೋದು? ಸಾ ಮಿಲ್‌ನಲ್ಲಿ ಏನ್ ಮಾಡ್ತಾರೆ, ಮರ ಕೊಯ್ಯಲ್ವಾ?"

ಅಣ್ಣನ ಕೈಯಲ್ಲಿದ್ದ ತುತ್ತು ಅರ್ಧ ದಾರಿಯಲ್ಲಿ ನಿಂತಿತು. ಕಣ್ಣು ಅರಳಿತು. "ಎಲಾ ಇವಳಾ. ಕೊಯ್ದಿದ್ದಕ್ಕೇ ರೀಪರ್" ಎಂದು ತನಗೆ ತಾನೇ ಹೇಳಿಕೊಂಡ. ನಾನು ಅಂಗಡಿಯ ಮುಂದಿನ ಬೋರ್ಡನ್ನೂ ತೋರಿಸಿದೆ. ಎಲ್ಲ ಸೈಜಿನ ರೀಪರ್ ಇಲ್ಲಿ ಸಿಗುತ್ತದೆ ಎಂದು ಇಂಗ್ಲಿಷಿನಲ್ಲಿ ಕೆಂಪಗೆ ಬರೆಸಿದ್ದೆವು. ಮೆಷಿನ್ನಿನ ಬ್ಯಾಟನ್ನನ್ನು ಹೊಡೆದುಹಾಕಿ ಅಣ್ಣ ರೀಪರ್ ಬರೆದ. ಮರುದಿನ ಬಂದು, "ಪುಟಪುಟದಲ್ಲೂ ನಿನ್ನ ಪದ ಇದೆ" ಎಂದ. ಆ ದಿನ ನಾನು ಗಿರಾಕಿಗಳಿಗೆ ಕೇಳದೆಯೇ ರಿಯಾಯಿತಿ ಕೊಟ್ಟೆ.

ಆ ವಾರದಲ್ಲೇ ವೈಟ್‌ಫೀಲ್ಡಿನ ಹಳೆಯ ಬಂಗಲೆಯಿಂದ ಆಂಗ್ಲೋ ಇಂಡಿಯನ್ ಅಜ್ಜಿಯೊಬ್ಬರು ಆಟೋದಲ್ಲಿ ಬಂದರು. ಇಳಿದವರು ಬೋರ್ಡು ಓದಿ, ಕೊಡೆ ಊರಿಕೊಂಡು ನಿಂತು ನಗಲು ಶುರು ಮಾಡಿದರು.

"ಎಲ್ಲಾ ಸೈಜ್ ಇದೆಯಾಮ್ಮಾ? ನಂಗೆ ಚಿಕ್ದು ಸಾಕು. ನಾನು ತೆಳ್ಳಗಿದೀನಿ."

ನನಗೆ ಅರ್ಥವಾಗಲಿಲ್ಲ. ಅಜ್ಜಿ ಕೂತು, ನೀರು ಕುಡಿದು ವಿವರಿಸಿದರು. ಅವರ ಕಡೆಯ ಕಥೆಗಳಲ್ಲಿ ಮನುಷ್ಯನ ಗಳಿಗೆ ಮುಗಿದಾಗ ಕರಿ ನಿಲುವಂಗಿ ತೊಟ್ಟು, ಉದ್ದನೆಯ ಕುಡುಗೋಲು ಹಿಡಿದು ಮಂಚದ ಬಳಿ ಒಬ್ಬ ಬಂದು ನಿಲ್ಲುತ್ತಾನಂತೆ. ಅವನ ಹೆಸರೇ ರೀಪರ್. "ನಿಮ್ಮ ಯಮನ ಕಡೆ ಜನ ಇದಾರಲ್ಲ, ಹಂಗೆ. ಅವ್ನು ಬರ್ತಾನೆ, ಅರ್ಜೆಂಟ್ ಇಲ್ಲ. ನೀನು ಮರದ ಪಟ್ಟಿ ಕೊಡು. ನಾವು ಬ್ಯಾಟನ್ ಅಂತೀವಿ."

ಅಜ್ಜಿ ಪಟ್ಟಿ ತೆಗೆದುಕೊಂಡು ಹೋದರು. ನಾನು ಬೋರ್ಡಿನ ಕೆಳಗೆ ಕೂತೆ.

ಮಧ್ಯಾಹ್ನ ಅಣ್ಣ ಬಂದ. ಫೈಲು ಸಂಜೆ ಹೋಗುತ್ತದೆ ಎಂದ. ಹೇಳಬೇಕಿತ್ತು. 'ಅಣ್ಣ, ಆ ಪದ ತೆಗಿ' ಎನ್ನಲು ಎಷ್ಟು ಹೊತ್ತು ಬೇಕು? ಅವನು ಊಟ ಮುಗಿಸುವವರೆಗೂ ಎದುರಿಗೇ ಇದ್ದೆ. ಮಜ್ಜಿಗೆ ಬಡಿಸಿದೆ. ಉಪ್ಪಿನಕಾಯಿ ಬೇಕಾ ಎಂದು ಎರಡು ಸಲ ಕೇಳಿದೆ. ಅದನ್ನು ಮಾತ್ರ ಹೇಳಲಿಲ್ಲ. ಬ್ಯಾಟನ್ ಮೆಷಿನ್ನಿನ ಪದ, ರೀಪರ್ ನನ್ನ ಪದ. ಎಂಟನೇ ಕ್ಲಾಸಿನವಳ ಒಂದು ಮಾತು ಅಚ್ಚಾಗಿ ಎಲ್ಲೆಲ್ಲೋ ಹೋಗುತ್ತದೆ, ಅದನ್ನು ನನ್ನ ಕೈಯಾರೆ ಹೊಡೆದುಹಾಕಲು ಮನಸ್ಸು ಬರಲಿಲ್ಲ. ಇನ್ನೊಂದು ಆಸೆಯೂ ಇತ್ತು, ಹೇಳಲು ನಾಚಿಕೆ. ಇದೊಂದು ತಪ್ಪೆಂದು ಗೊತ್ತಾದರೆ ನಾಳೆಯಿಂದ ಅಣ್ಣ ಸುಮ್ಮನೆ ಉಂಡು ಹೋಗುತ್ತಾನೆ, ನನ್ನನ್ನು ಏನೂ ಕೇಳುವುದಿಲ್ಲ. ಯಾರಿಗೆ ಗೊತ್ತಾಗುತ್ತೆ ಎಂದುಕೊಂಡೆ. ಫ್ರೆಂಚರಿಗೆ ಇಂಗ್ಲಿಷ್ ಎಷ್ಟು ಬಂದೀತು?

ಫ್ರೆಂಚರಿಗೆ ಬರುತ್ತಿರಲಿಲ್ಲ. ಅವರು ಅದನ್ನು ಇಂಗ್ಲೆಂಡಿನ ತಮ್ಮ ಅಂಗಡಿಗೆ ಕಳಿಸಿದರು.

ಮುಂದಿನ ವಾರ ಅಣ್ಣ ಬಂದು ಸ್ಟೂಲಿನ ಮೇಲೆ ಕೂತು, ಅಲ್ಲಿನವರು ಓದಿಕೊಂಡದ್ದು ಹೇಗೆಂದು ನನಗೆ ಕನ್ನಡದಲ್ಲಿ ಹೇಳಿದ. "ಮಗುವಿನ ಮಂಚದ ತಲೆದೆಸೆಯಲ್ಲಿ ಇಬ್ಬರು ಯಮದೂತರನ್ನು ನೆಟ್ಟಗೆ ನಿಲ್ಲಿಸಿ. ಅವರು ಅಲುಗಾಡುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಕೋಣೆ ದೊಡ್ಡದಾಗಿದ್ದರೆ ಹೆಚ್ಚುವರಿ ಯಮದೂತರನ್ನು ತರಿಸಿಕೊಳ್ಳಬಹುದು. ಕೆಲಸ ಮುಗಿದ ಮೇಲೆ ಯಮದೂತರು ಹೊರಗೆ ಕಾಣಬಾರದು."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮೊದಲು ನಗು ನಿಲ್ಲಿಸಿದವನು ಅವನು. "ಮೆಷಿನ್ ಸರಿಯಾಗೇ ಹಾಕಿತ್ತು. ಹೊಡೆದುಹಾಕಿದೋನು ನಾನು. ಸೋಮವಾರ ಅವರು ಬರ್ತಿದಾರೆ" ಎಂದ. ತಟ್ಟೆ ಹತ್ತಿರ ಎಳೆದುಕೊಂಡು, "ನಿನ್ನ ಪದ ತಪ್ಪಲ್ಲ ಕಣೆ. ನಮ್ಮೂರಲ್ಲಿ ಅದೇ ಸರಿ" ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸೋಮವಾರ ಅಂಗಡಿಯಲ್ಲಿ ಗಂಡನನ್ನು ಕೂರಿಸಿ, ಇಸ್ತ್ರಿ ಸೀರೆ ಉಟ್ಟು ಟೆಕ್ ಪಾರ್ಕಿಗೆ ಹೋದೆ. ಇಷ್ಟು ವರ್ಷ ಅದರ ಕಾಂಪೌಂಡಿಗೆ ಬೆನ್ನು ಕೊಟ್ಟು ವ್ಯಾಪಾರ ಮಾಡಿದವಳು ಗೇಟು ದಾಟಿರಲಿಲ್ಲ. ಫೋಟೋ ಹಿಡಿದು, ಎದೆಗೆ ಚೀಟಿ ಅಂಟಿಸಿ ಒಳಗೆ ಬಿಟ್ಟರು. ಅಣ್ಣನ ಮ್ಯಾನೇಜರ್ ಹುಬ್ಬಳ್ಳಿ ಕಡೆಯ ಮೇಡಂ. ನಾನು ಬಂದ ಕಾರಣ ಕೇಳಿ ಅವರಿಗೆ ಏನನ್ನಿಸಿತೋ, "ಬರ್ರಿ, ಒಳಗ ಬರ್ರಿ" ಎಂದು ಮೀಟಿಂಗಿಗೇ ಕರೆದುಕೊಂಡು ಹೋದರು. ಉದ್ದನೆಯ ಮೇಜು. ಒಂದು ತುದಿಯಲ್ಲಿ ಫ್ರಾನ್ಸಿನ ಹಿರಿಯರು. ಇನ್ನೊಂದು ತುದಿಯಲ್ಲಿ ನಮ್ಮಣ್ಣ, ಮಾರ್ಕ್ಸ್ ಕಾರ್ಡ್ ತಂದ ಹುಡುಗನ ಹಾಗೆ. ನನ್ನನ್ನು ಕಂಡು ಅರ್ಧ ಎದ್ದ.

"ಸಾರ್, ಆ ಪದ ಕೊಟ್ಟೋಳು ನಾನು" ಎಂದೆ, ಕನ್ನಡದಲ್ಲೇ. "ಕೊಟ್ಟಾಗ ಗೊತ್ತಿರಲಿಲ್ಲ. ಆದ್ರೆ ಫೈಲ್ ಹೋಗೋಕೆ ಮುಂಚೆನೇ ಗೊತ್ತಾಯ್ತು. ಬೇಕಂತಲೇ ಸುಮ್ನಿದ್ದೆ. ನನ್ನ ಪದ ಒಂದು ಪುಸ್ತಕದಲ್ಲಿರ್ಲಿ ಅಂತ ಆಸೆ ಆಯ್ತು. ಇವನು ನನ್ನ ನಂಬಿದ, ಅಷ್ಟೇ ಇವನ ತಪ್ಪು."

ನಾನು ಮುಚ್ಚಿಟ್ಟದ್ದು ಅಣ್ಣನಿಗೆ ಗೊತ್ತಾದದ್ದೂ ಆಗಲೇ. ಅವನು ನನ್ನನ್ನು ನೋಡಿದ. ಮೇಡಂ ಬಾಯಿ ತೆರೆಯುವಷ್ಟರಲ್ಲಿ, "ನಾನೇ ಹೇಳ್ತೀನಿ ಮೇಡಂ" ಎಂದು ಆ ಹಿರಿಯರ ಕಡೆ ತಿರುಗಿ ಫ್ರೆಂಚಿನಲ್ಲಿ ಹೇಳಿದ. ಮೆಲ್ಲಗೆ, ತಡವರಿಸದೆ. ಅವರು ಕೇಳುತ್ತ ಕೇಳುತ್ತ ನನ್ನ ಕಡೆ ನೋಡಿದರು. ಆಮೇಲೆ ಎದ್ದು ನಿಂತು, ನಮ್ಮವರ ಹಾಗೆಯೇ ಎರಡೂ ಕೈ ಜೋಡಿಸಿದರು. ನನಗೆ ಗಾಬರಿಯಾಯಿತು. ಇಷ್ಟು ದೊಡ್ಡ ತಪ್ಪಿಗೆ ಇಷ್ಟು ಮರ್ಯಾದೆಯೇ?

ಹೊರಗೆ ಕಾಯುತ್ತಿದ್ದಾಗ ಮೇಡಂ ಬಂದು ಪಕ್ಕದಲ್ಲಿ ಕೂತರು.

"ನಿಮ್ಮ ಅಣ್ಣಾರ ಕೆಲಸ ಉಳೀತ್ರಿ. ಆದ್ರ ಇನ್ನ ಮ್ಯಾಲೆ ಅವರು ಮಾಡಿದ್ದನ್ನ ಇನ್ನೊಬ್ರು ನೋಡಿ ಕಳಸ್ತಾರ. ಎಚ್ಚರಿಕಿ ಇಲ್ಲದ ಮನಶಾ ಅಂತ ಬರಕೊಂಡ್ರು."

"ಎಚ್ಚರಿಕೆ ಇಲ್ಲದವನಾ ಮೇಡಂ? ನಾನು ಹೇಳಿದ್ನಲ್ಲ, ಮುಚ್ಚಿಟ್ಟೋಳು ನಾನು ಅಂತ."

ಮೇಡಂ ಮೀಟಿಂಗ್ ರೂಮಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನೀವು ಹೇಳಿದ್ದು ಒಂದೂ ಹೇಳ್ಲಿಲ್ರೀ ಅವರು. 'ನನ್ನ ತಂಗಿ ಬ್ಯಾಟನ್ ಅಂತನ ಹೇಳಿದ್ಲು, ಅಕಿ ಮಾತು ಕೇಳದ ನಾನು ರೀಪರ್ ಅಂತ ಬರದೆ, ಈಗ ನನ್ನ ಉಳಸಾಕ ತಪ್ಪು ತನ್ನ ಮ್ಯಾಲೆ ಹಾಕ್ಕೊಳಾಕ ಬಂದಾಳ' ಅಂದ್ರು. ಇಷ್ಟು ವರ್ಷದಾಗ ಒಂದ್ ಕಾಮಾ ಸುದ್ದಾ ಬಿಟ್ಟವರಲ್ಲ. ಇವತ್ತ ಪೂರಾ ತಪ್ಪು ಮಾಡಿದ್ರು. ನಾನೂ ಸುಮ್ಮನಾದೆ. ನನಗೂ ಒಬ್ಬ ಅಣ್ಣ ಅದಾನ್ರಿ."

ಅಷ್ಟರಲ್ಲಿ ಅಣ್ಣ ಬಂದ. ಮೇಡಂ ಎದ್ದು ಹೋದರು. ಇಬ್ಬರೂ ಲಿಫ್ಟಿನ ಮುಂದೆ ನಿಂತೆವು.

"ನಾನು ಹೇಳಿದ್ದೆಲ್ಲ ಹೇಳಿದ್ಯಾ?" ಎಂದೆ.

"ಹೇಳ್ದೆ."

"ಮತ್ತೆ ಅವರು ಯಾಕೆ ಎದ್ದು ಕೈ ಮುಗಿದ್ರು?"

ಅಣ್ಣ ಲಿಫ್ಟಿನ ಗುಂಡಿ ಒತ್ತಿದ. ಈಗಾಗಲೇ ಉರಿಯುತ್ತಿದ್ದ ಗುಂಡಿಯನ್ನು ಇನ್ನೊಮ್ಮೆ ಒತ್ತಿದ.

"ಫ್ರಾನ್ಸಲ್ಲಿ ತಪ್ಪೊಪ್ಪಿಕೊಂಡೋರಿಗೆ ಹಂಗೇ ಮಾಡ್ತಾರೆ ಕಣೆ."

"ಒಳ್ಳೇ ದೇಶ ಕಣಣ್ಣ" ಎಂದೆ.